ಕಿವಿ

ಅವರ ಮಾತಿನಲ್ಲಿ ಕಿವಿ ಅಂದರೆ ಕಲ್ಲು.
ತಂದ ದಿನ ನಾಲ್ಕು ತಾಸು
ಕದಲದೆ ಕೂತಿತ್ತಂತೆ, ಅದಕ್ಕೇ
ಹುಡುಗ ತೂರೆ ಇಟ್ಟ ಹೆಸರು.
ನಮ್ಮಲ್ಲಿ ಆಲಿಸುವುದು,
ಅವರಲ್ಲಿ ಆಲಿಸದೆ ಬಿದ್ದಿರುವುದು.
ಆಮೆಗೆ ಎರಡೂ ಒಪ್ಪುತ್ತದೆ:
ತಲೆಯ ಬದಿಗೆ ತೂತಿಲ್ಲ, ಹಾಲೆಯಿಲ್ಲ,
ಫ್ರಿಜ್ಜಿನ ಬಾಗಿಲು ತೆರೆದರೆ ಮಾತ್ರ
ಕತ್ತು ಇಷ್ಟುದ್ದ.

ಊರು ಕೆಮಿ. ಸಮುದ್ರವೂ ಹೆಪ್ಪುಗಟ್ಟುವ ಡಿಸೆಂಬರು.
ಸೂರ್ಯ ಹನ್ನೊಂದಕ್ಕೆ ಬಂದು ಒಂದೂವರೆಗೆ ಹೊರಡುತ್ತಾನೆ,
ಚಪ್ಪಲಿಯನ್ನೂ ಬಿಡದ ನೆಂಟ.
ಮೂರನೇ ಮಹಡಿಯ ಗಾಜಿನ ತೊಟ್ಟಿಯೊಂದರಲ್ಲಿ
ಬೆಳಗಾಗುವುದು ಸರಿಯಾಗಿ ಏಳಕ್ಕೆ,
ಟೈಮರಿನ 'ಟಕ್' ಸದ್ದಿಗೆ.

ಅಲ್ಲಿಯವರೆಗೆ ಅದು ತಳದಲ್ಲಿ,
ಒಡೆದ ಹೂಕುಂಡದಡಿ, ಕಾಲು ಒಳಗೆಳೆದು.
ನಡುನಡುವೆ ಮೇಲೇಳುತ್ತದೆ,
ಮೂಗಿನ ತುದಿ ಮಾತ್ರ ನೀರಿನಾಚೆ,
ಒಂದು ಉಸಿರು ಕಡ ತಂದು
ನಿದ್ದೆ ಕೆಡದ ಹಾಗೆ ಮತ್ತೆ ಇಳಿಯುತ್ತದೆ.
ತೂರೆ ಇದನ್ನು ಟೀಚರಿಗೆ ಹೇಳಿದ್ದ.
ಬರೆದು ತಾ ಅಂದರು.
ಬರೆಯಲಿಲ್ಲ.

ಟಕ್.
ಬಿರಡೆ ಮರದ ತೊಗಟೆ ಹತ್ತುವಾಗ
ದಿನವೂ ಅದೇ ಜಾಗದಲ್ಲಿ ಜಾರಿ,
ದಿನವೂ ಅದೇ ಸಿಟ್ಟಿನಲ್ಲಿ ಹತ್ತಿ,
ದೀಪದ ಕೆಳಗೆ ಹಿಂಗಾಲೆರಡನ್ನೂ ಚಾಚಿ
ಬೆರಳೆಲ್ಲ ಅಗಲಿಸಿ ಕಣ್ಣು ಮುಚ್ಚುತ್ತದೆ,
ಹಾರಲು ಹೊರಟು
ಹಾರುವುದನ್ನು ಮರೆತವರ ಹಾಗೆ.
ಚಿಪ್ಪಿನ ಮೇಲೆ ನೀರು ಆರುತ್ತಾ
ಅಂಚಿನಲ್ಲಿ ಹಳದಿ ಏಳುತ್ತದೆ.

ಅದೇ ಹೊತ್ತಿಗೆ ಇರ್ಮೆಲಿ ಬರುತ್ತಾಳೆ,
ರಾತ್ರಿಯಿಡೀ ಹಿಮ ಗೋರಿದ ಗಾಡಿಯಿಂದಿಳಿದು,
ಡೀಸೆಲ್ ವಾಸನೆ, ಒಂದೇ ಬೂಟು ಕಳಚಿ
ತೊಟ್ಟಿಯ ಪಕ್ಕ ಕುರ್ಚಿಗೆ ಬಿದ್ದು
ಎಡಗೆನ್ನೆ ದೀಪಕ್ಕೆ ಕೊಟ್ಟು
ಕೂತಲ್ಲೇ ಗೊರಕೆ.
ತೂರೆ ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಾನೆ,
ಇಬ್ಬರನ್ನೂ ನೋಡುತ್ತ, ಸದ್ದಾಗದಂತೆ ಜಗಿಯುತ್ತ.

ಜನವರಿಯ ಒಂದು ರಾತ್ರಿ ಕರೆಂಟು ಹೋಯಿತು.
"ಅಮ್ಮಾ, ಹೀಟರಿಲ್ಲ, ನೀರು ತಣ್ಣಗಾಗಿದೆ.
ಕಿವಿ ಕಣ್ಣು ಬಿಡ್ತಿಲ್ಲ."
ಎದುರು ಮನೆಯ ಔನೆ ಕಿಟಕಿಯಿಂದ ಕಂಡಳು:
ಮನೆ ಬಾಗಿಲಿಗೇ ಬಂದು ನಿಂತ ಹಿಮದ ಗಾಡಿ,
ಉಣ್ಣೆಯ ಟೋಪಿಯಲ್ಲಿ ಏನೋ ಹಿಡಿದು
ಕೂಸನ್ನು ಎತ್ತಿಕೊಂಡ ಹಾಗೆ ಏಣಿ ಹತ್ತಿದ ಹುಡುಗ.

ಬಿಸಿಗಾಳಿ ಬರುವ ಸೀಳಿನ ಮೇಲೆ ಅದನ್ನಿಟ್ಟರು.
ಏನೂ ಇಲ್ಲ.
ಶಾಲೆ ದಾಟಿತು, ಕಾಗದದ ಗಿರಣಿ ದಾಟಿತು,
ಗಾಡಿಯ ನೆತ್ತಿಯ ಕಿತ್ತಳೆ ದೀಪ
ಹಿಮದ ಗೋಡೆಗಳನ್ನು ಸವರುತ್ತ ತಿರುಗುತ್ತಿತ್ತು,
ಹೋಗುವ ಸೂರ್ಯ, ಬರುವ ಸೂರ್ಯ,
ನಿಮಿಷಕ್ಕೆ ನೂರು ಬೆಳಗು.
ಬಂದರಿನ ತಿರುವಿನಲ್ಲಿ
ಒಂದು ಕಾಲು ಹೊರಬಂತು.
ಆಮೇಲೆ ಇನ್ನೊಂದು, ಬೆರಳಗಲಿಸಿ.
ತೂರೆಗೆ ಕೂಗಿಯೇ ಹೋಯಿತು.

ರೇಡಿಯೋದಲ್ಲಿ ಮೇಸ್ತ್ರಿ ಉರ್ಹೋ:
"ಇರ್ಮೆಲಿ, ಯಾರದು ಗಾಡಿಯಲ್ಲಿ?"
"ಮಗ. ಮತ್ತೆ ಒಂದು ಕಲ್ಲು."
ಕರಕರ ಸದ್ದು, ತುಸು ಹೊತ್ತು.
"ಕಲ್ಲು ಮಾತಾಡುತ್ತಾ?"
"ಇಲ್ಲ. ಕೇಳಿಸಿಕೊಳ್ತಿದೆ."
ಅವರ ಮಾತಿನಲ್ಲಿ ಇದು ಬರೀ ಉತ್ತರ.
ಇಲ್ಲಿ ಕೂತು ಬರೆಯುವ ನನಗೆ
ಬಿಟ್ಟಿ ಸಿಕ್ಕ ಸಂಪತ್ತು.

ಈಗ ಜೂನ್.
ಗಾಜು ಹಾಕಿದ ಬಾಲ್ಕನಿಯಲ್ಲಿ ತೊಟ್ಟಿ.
ರಾತ್ರಿ ಒಂಬತ್ತಾದರೂ ಸೂರ್ಯ
ಸಮುದ್ರದ ಮೇಲೆ ಬಿಲ್ಲು ಬಾಕಿಯ ಗಿರಾಕಿಯಂತೆ
ಎದ್ದು ಹೋಗುವ ಮಾತೇ ಎತ್ತುವುದಿಲ್ಲ.
ಇರ್ಮೆಲಿ ಕರಿಯ ಪರದೆ ಎಳೆದು, ಮಗ್ಗುಲು ಬದಲಿಸಿ,
ದಿಂಬು ತಿರುಗಿಸಿ, ಎದ್ದು, ನೀರು ಕುಡಿದು,
ಬಾಲ್ಕನಿಗೆ ಬಂದು ನಿಲ್ಲುತ್ತಾಳೆ.

ಉರಿವ ಬಿಸಿಲಲ್ಲಿ ಕಿವಿ ಕಾಲು ಮಡಿಚಿತು.
ತೊಗಟೆಯಂಚಿಗೆ ತೆವಳಿ, ಬುಳಕ್,
ಹೂಕುಂಡದಡಿ ಸೇರಿತು.

"ರಾತ್ರಿಯಾಯ್ತು ಅಂತ ಅದಕ್ಕೆ ಹೇಳಿದ್ದು ಯಾರು?"
ತೂರೆ ಪಿಸುಗುಟ್ಟಿದ.
ಟೈಮರು ಮೇ ತಿಂಗಳಿಂದ
ಚಮಚಗಳ ಡ್ರಾಯರಿನಲ್ಲಿದೆ.